ಆಬ್ರಾಮ್ ಕೀವಿತ್ಸನ ಕವೆಗೋಲು

ಒಬ್ಬನನ್ನು ಮಣ್ಣು ಮಾಡಿದ ದಿನ ಅವನ ಮನೆಯೊಳಗೆ ಆಡಿದ ಮಾತನ್ನು ಹೊರಗೆ ಹೇಳುವುದು ಸರಿಯಲ್ಲವೇನೋ. ತಪ್ಪಾದಲ್ಲಿ ಕ್ಷಮಿಸಬೇಕು, ಹೇಳದೆ ಇಟ್ಟುಕೊಳ್ಳುವ ಶಕ್ತಿ ಸಾಲದೆ ಹೇಳುತ್ತಿದ್ದೇನೆ.

ಶವಪೆಟ್ಟಿಗೆಯ ಹಿಡಿ ಉಷ್ಟ್ರಪಕ್ಷಿ ಫಾರ್ಮಿನ ಆಳು ಕಾರೂಲ್ಸನ ಬೆವೆತ ಅಂಗೈಯಿಂದ ಜಾರಿತು. ಎಡಗಡೆಯ ಮುಂದಿನ ಮೂಲೆ ಗೇಣುದ್ದ ಕುಸಿದು, ಒಳಗೆ ಭಾರ ಹೊರಳಿದ ಸದ್ದಾಯಿತು. ಹೊಸ್ತಿಲಲ್ಲಿ ನಿಂತಿದ್ದ ಹೆಂಗಸರು ಒಮ್ಮೆಲೇ ಉಸಿರೆಳೆದುಕೊಂಡರು.

"ಹಿಡಿಯೋ, ಕತ್ತೆ!" ಹಿಂದಿನ ಹಿಡಿಯಿಂದ ಸ್ಕಾಲ್ಕ್ ಪಿಸುಗುಟ್ಟಿದ. ಅವನು ಫಾರ್ಮಿನ ಟ್ರ್ಯಾಕ್ಟರ್ ಓಡಿಸುವವನು. "ನಲವತ್ನಾಲ್ಕು ವರ್ಷದಲ್ಲಿ ಊಮ್ ಆಬ್ರಾಮ್ ಒಂದು ಮೊಟ್ಟೆ ಬೀಳಿಸಿದವರಲ್ಲ. ನೀನು ಅವರನ್ನೇ ಬೀಳಿಸ್ತೀಯಲ್ಲ." ಹಿರಿಯರನ್ನು ಅಲ್ಲಿ ಊಮ್ ಎನ್ನುತ್ತಾರೆ, ಅಂದರೆ ಚಿಕ್ಕಪ್ಪ.

ಕಾರೂಲ್ಸ್ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಮತ್ತೆ ಹಿಡಿದ. ಆರು ಜನ ಪೆಟ್ಟಿಗೆಯನ್ನು ಟ್ರ್ಯಾಕ್ಟರಿನ ಹಿಂದಿನ ಗಾಡಿಗೆ ಏರಿಸಿದರು. ಕುದುರೆಮಸಾಲೆ ಸೊಪ್ಪು ಸಾಗಿಸುವ ಗಾಡಿ ಅದು. ನಿನ್ನೆಯೇ ತೊಳೆದಿದ್ದರೂ ಹಲಗೆಯ ಸಂದುಗಳಲ್ಲಿ ಒಣಸೊಪ್ಪು ಉಳಿದಿತ್ತು. ಆಗಸ್ಟ್ ತಿಂಗಳು, ಆ ದಕ್ಷಿಣದ ನಾಡಿನಲ್ಲಿ ಚಳಿಗಾಲ. ಬೆಟ್ಟದ ನೆತ್ತಿಯ ಮೇಲೆ ಹಿಮ ಬಿದ್ದಿತ್ತು. ಕೆಳಗೆ ಕರೂ ಬಯಲಿನಲ್ಲಿ ಬಿಸಿಲಿದ್ದರೂ ಗಾಳಿ ಕೊರೆಯುತ್ತಿತ್ತು.

ಗುಡ್ಡದ ಸ್ಮಶಾನಕ್ಕೆ ಇರುವುದು ಒಂದೇ ದಾರಿ, ಮರಿ ಮಾಡಿಸುವ ದೊಡ್ಡಿಗಳ ಪಕ್ಕದ್ದು. ಕರಿಯ ಉಡುಪು, ಬಿಳಿಯ ಟೋಪಿಯ ಚರ್ಚಿನ ಹೆಂಗಸರು ಹಾಡುತ್ತಾ ಮುಂದೆ ನಡೆದರು. ಐದನೆಯ ದೊಡ್ಡಿ ಬಂದಾಗ ಹಾಡು ತಾನಾಗಿಯೇ ತಗ್ಗಿತು. ತಂತಿಯ ಆಚೆ ಆ ಗಂಡು ಉಷ್ಟ್ರಪಕ್ಷಿ ಮೆರವಣಿಗೆಯ ಸರಿಸಮಕ್ಕೆ ಹೆಜ್ಜೆ ಹಾಕುತ್ತಿತ್ತು. ಬೆದೆಯ ಕಾಲವಾದ್ದರಿಂದ ಕಾಲಿನ ಕೆಳಭಾಗದ ಹುರುಪೆಗಳೆಲ್ಲ ಕೆಂಪೇರಿದ್ದವು. ಮಂಗಳವಾರ ಆಬ್ರಾಮನ ಹೊಟ್ಟೆ ಸೀಳಿದ್ದು ಆ ಕಾಲೇ. ಒಳ್ಳೆಯ ತಳಿ ಎಂದು ಫಾರ್ಮಿನ ಯಜಮಾನ ಅದನ್ನು ಉಳಿಸಿಕೊಂಡಿದ್ದ.

"ನೋಡು, ಸಂತಾಪ ಸೂಚಿಸೋಕೆ ಬಂದಿದೆ," ಎಂದ ಸ್ಕಾಲ್ಕ್, ಟ್ರ್ಯಾಕ್ಟರಿನ ಮೇಲಿನಿಂದ. ಯಾರೂ ನಗಲಿಲ್ಲ.

"ನಂಗೆ ಅರ್ಥ ಆಗದ್ದು ಒಂದೇ," ಎಂದಳು ಹಿಂದೆ ಬರುತ್ತಿದ್ದ ಒಬ್ಬ ಮುದುಕಿ. "ಅವರು ಮಲಗ್ಲಿಲ್ಲ ಯಾಕೆ?"

"ಅದೇ ಮತ್ತೆ!" ಎಂದ ಸ್ಕಾಲ್ಕ್. " ಇಲ್ಲಿರೋ ಎಲ್ಲರಿಗೂ ಮಲಗೋದು ಕಲಿಸಿದವರೇ ಅವರು. ಹಕ್ಕಿ ಬಂತಾ, ಅದನ್ನ ತಡೆಯೋ ಕವೆಗೋಲು ಕೈಲಿ ಇಲ್ವಾ, ಬೋರಲು ಬಿದ್ಕೊ. ನೆಲಕ್ಕೆ ಅಂಟಿಕೊಂಡವನನ್ನ ಅದು ತುಳೀಬಹುದು, ಸೀಳೋಕಾಗಲ್ಲ. ನನ್ನ ಬೆನ್ನ ಮೇಲೆ ಒಂದು ಹೆಣ್ಣು ಅರ್ಧ ಗಂಟೆ ಕೂತಿತ್ತು. ನನ್ನ ಹೆಂಡ್ತಿ ಬಂದು, ಪರವಾಗಿಲ್ಲ, ಜೋಡಿ ಚೆನ್ನಾಗಿದೆ ಅಂದ್ಲು."

ಈಗ ಒಂದಿಬ್ಬರು ನಕ್ಕರು.

"ಅಂಗಾತ ಬಿದ್ದಿದ್ರಂತೆ. ಅಂದ್ರೆ ನಿಂತೇ ಒದೆ ತಿಂದಿದ್ದಾರೆ," ಎಂದಳು ಮುದುಕಿ. "ಅವರ ಕವೆ ಎಲ್ಹೋಯ್ತು?"

"ಪೊಲೀಸಿನವರೂ ಅದನ್ನೇ ಕೇಳಿದ್ರು. ದೊಡ್ಡಿ ಬಾಗಿಲ ಕೊಕ್ಕೆ ಖಾಲಿ. ದೊಡ್ಡಿ ಒಳಗೂ ಇಲ್ಲ, ಮನೇಲೂ ಇಲ್ಲ. ರೆಕ್ಕೆ ಬಂದು ಹಾರಿಹೋಯ್ತು."

"ಈ ಫಾರ್ಮಿನಲ್ಲಿ ರೆಕ್ಕೆ ಇರೋದು ಯಾವುದೂ ಹಾರಲ್ಲ, ಸ್ಕಾಲ್ಕ್."

ಕಾರೂಲ್ಸ್ ಗಾಡಿಯ ಹಲಗೆಯನ್ನೇ ನೋಡುತ್ತಾ ನಡೆದ. ಆಬ್ರಾಮನ ಕವೆಗೋಲು ಅವನ ಮನೆಯ ಹಿತ್ತಲಿನಲ್ಲಿ, ಸೌದೆಯ ರಾಶಿಯ ಹಿಂದೆ ಇತ್ತು.

*

ಮಂಗಳವಾರ ಬೆಳಿಗ್ಗೆ ಆರೂಕಾಲು. ಮೂರನೆಯ ದೊಡ್ಡಿಯಲ್ಲಿ ಹೆಣ್ಣು ಹಕ್ಕಿಯೊಂದು ತಂತಿಯಲ್ಲಿ ಕಾಲು ಸಿಕ್ಕಿಸಿಕೊಂಡು ಒದ್ದಾಡುತ್ತಿತ್ತು. ಕಾರೂಲ್ಸನ ಕವೆಯ ಒಂದು ಕವಲು ಸೋಮವಾರವೇ ಮುರಿದಿತ್ತು. ಹೊಸ ಜಾಲಿಕೊಂಬೆ ಕಡಿದುಕೊಳ್ಳಬೇಕಿತ್ತು. ನಾಳೆ ನೋಡಿದರಾಯಿತೆಂದು ಬಿಟ್ಟಿದ್ದ. ಐದನೆಯ ದೊಡ್ಡಿಯ ಬಾಗಿಲ ಪಕ್ಕದ ಕೊಕ್ಕೆಯಲ್ಲಿ ಆಬ್ರಾಮನ ಕವೆ ತೂಗುತ್ತಿತ್ತು. ಎರಡಾಳುದ್ದದ ಕೋಲು, ತುದಿಯ ಕವಲಿನಲ್ಲಿ ಬಿಳಿಯ ಮುಳ್ಳು, ಹಿಡಿಗೆ ಹಕ್ಕಿಯ ಕಾಲಿನ ಒಣನಾರು ಬಿಗಿಯಾಗಿ ಸುತ್ತಿದ್ದು.

ಒಬ್ಬನ ಕವೆಯನ್ನು ಇನ್ನೊಬ್ಬ ಕೇಳದೆ ಮುಟ್ಟುವಂತಿಲ್ಲ. ಅದನ್ನು ಯಾರೂ ಬರೆದಿಟ್ಟಿಲ್ಲ, ಯಾರೂ ಮೀರುವುದೂ ಇಲ್ಲ. ಆದರೆ ಆಬ್ರಾಮ್ ಬರುವುದು ಏಳಕ್ಕೆ. ಅಷ್ಟರೊಳಗೆ ತಂದು ತೂಗುಹಾಕಬಹುದು.

ತಂತಿ ಬಿಡಿಸುವುದು ತಡವಾಯಿತು. ಬಿಡಿಸಿದ ಮೇಲೆ ಹಕ್ಕಿಯ ಕಾಲಿನ ಹಿಂದಿನ ನಾರು ಹರಿದಿದೆಯೇ ಎಂದು ಬೆರಳಾಡಿಸಿ ನೋಡುತ್ತಾ ಕುಳಿತ. ಹಾಗೆ ನೋಡಲು ಕಲಿಸಿದವನು ಆಬ್ರಾಮನೇ. ಆಗ ಐದನೆಯ ದೊಡ್ಡಿಯ ಕಡೆಯಿಂದ ತಗಡಿನ ಬಕೆಟ್ ಉರುಳಿದ ಸದ್ದು ಕೇಳಿತು. ಆಮೇಲೆ ಸ್ಕಾಲ್ಕನ ಕೂಗು.

ಓಡಿ ಹೋದಾಗ ಆಗಲೇ ನಾಲ್ಕೈದು ಜನ ಒಳಗೆ ನುಗ್ಗಿ ಹಕ್ಕಿಯನ್ನು ಮೂಲೆಗೆ ಅಟ್ಟಿದ್ದರು. ಎಲ್ಲರ ಕೈಯಲ್ಲೂ ಕವೆ. ಕಾರೂಲ್ಸನ ಕೈಯಲ್ಲಿದ್ದುದು ಯಾರದೆಂದು ಯಾರೂ ನೋಡಲಿಲ್ಲ. ಅವನು ಅದನ್ನು ಹಾಗೇ ಹಿಡಿದು ಮನೆಗೆ ಹೋದ. ಯಾಕೆ ಹೋದನೆಂದು ಅವನಿಗೇ ತಿಳಿಯಲಿಲ್ಲ. ಕಾಲು ಕರೆದುಕೊಂಡು ಹೋಯಿತು.

"ಒಲೆಗೆ ಹಾಕು," ಎಂದಿದ್ದಳು ಹೆಂಡತಿ ದೀನಾ.

"ಹಿಡಿಗೆ ನಾರು ಸುತ್ತಿದೆ. ಸುಟ್ರೆ ಕೇರಿಗೆಲ್ಲ ವಾಸನೆ ಬರುತ್ತೆ."

"ಹಾಗಾದ್ರೆ ಇಟ್ಕೊ. ಗೋಡೆಗೆ ತೂಗುಹಾಕು. ಪೊಲೀಸಿನೋರು ಬಂದು ಮೆಚ್ಕೊಂಡು ಹೋಗ್ಲಿ."

ಆಮೇಲೆ ಅವಳೇ ಅತ್ತಳು. ನಾಲ್ಕು ದಿನದಿಂದ ಗಂಡಹೆಂಡಿರು ಸೌದೆಯ ರಾಶಿಯ ಕಡೆ ನೋಡದೆ ಹಿತ್ತಲು ದಾಟುತ್ತಿದ್ದರು.

*

ಗುಂಡಿಯ ಪಕ್ಕದಲ್ಲಿ ಪಾದ್ರಿ ಪ್ರಾರ್ಥನೆ ಮುಗಿಸಿ, ಸತ್ತವನ ಜೀವನದ ವಿವರ ಓದಲು ಸ್ಕಾಲ್ಕನನ್ನು ಕರೆದರು. ಆಬ್ರಾಮನ ಹೆಂಡತಿ ಮಗ್ರೀತಾ ಹೇಳಿ ಬರೆಸಿದ್ದ ಚೀಟಿ ಅದು.

"ಆಬ್ರಾಮ್ ಕೀವಿತ್ಸ್. ಇದೇ ಫಾರ್ಮಿನಲ್ಲಿ ಹುಟ್ಟಿದ್ದು. ಅರವತ್ತೊಂದು ವರ್ಷ. ಹದಿನೇಳನೇ ವಯಸ್ಸಿನಿಂದ ಹಕ್ಕಿಗಳ ಜೊತೆ. ಹಕ್ಕಿಯ ಕಾಲಿನ ಮಾಂಸ ಯಾವತ್ತೂ ತಿಂದವರಲ್ಲ. ಒಂದು ಸಲ ಸಮುದ್ರ ನೋಡಿದ್ದಾರೆ, ಇಷ್ಟ ಆಗ್ಲಿಲ್ಲ. ಈ ಊರಿನಲ್ಲಿ ಮದುವೆಯಾದ ಪ್ರತಿ ಹೆಣ್ಣಿಗೂ ತಾವೇ ಕಟ್ಟಿದ ಗರಿಯ ಪೊರಕೆ ಕೊಟ್ಟಿದ್ದಾರೆ. ರೇಡಿಯೋ ಇಷ್ಟ."

ಸ್ಕಾಲ್ಕ್ ಚೀಟಿಯನ್ನು ತಿರುಗಿಸಿ ನೋಡಿದ. ಹಿಂದೆ ಏನೂ ಇರಲಿಲ್ಲ.

ಕಾರೂಲ್ಸನ ಎದುರಿಗೆ, ಗುಂಡಿಯ ಆಚೆ ದಡದಲ್ಲಿ ಮಗ್ರೀತಾ ನಿಂತಿದ್ದಳು. ಆಕೆ ಅಳುತ್ತಿರಲಿಲ್ಲ. ತಲೆ ಎತ್ತಿದಾಗಲೆಲ್ಲ ಆಕೆಯ ಕಣ್ಣು ನೇರವಾಗಿ ಅವನ ಮೇಲೆಯೇ ಇರುತ್ತಿತ್ತು. ಗೊತ್ತಾಗಿದೆ, ಎಂದುಕೊಂಡ. ಹಿಡಿ ಮಣ್ಣು ಹಾಕುವ ಸರದಿ ಬಂದಾಗ ಅವನ ಕೈ ಬಿಚ್ಚಲೇ ಇಲ್ಲ. ಹಿಂದಿನವರು ಬೆನ್ನು ತಟ್ಟಬೇಕಾಯಿತು.

*

ಹನ್ನೊಂದು ವರ್ಷದ ಹಿಂದೆ, ಕಾರೂಲ್ಸ್ ಕೆಲಸಕ್ಕೆ ಸೇರಿದ ಮೊದಲ ವಾರ, ಹಕ್ಕಿಯೊಂದು ಓಡುತ್ತಾ ಬಂದು ಬೇಲಿಗೆ ಬಡಿದು ಕುತ್ತಿಗೆ ಮುರಿದುಕೊಂಡು ಸತ್ತಿತು. ಆಬ್ರಾಮ್ ಅದನ್ನು ಕೊಟ್ಟಿಗೆಯ ತೊಲೆಗೆ ತೂಗುಹಾಕಿ, ಒಂದು ಕಾಲಿನ ಚರ್ಮ ಸುಲಿದು, ಹೊಸಬನನ್ನು ಕರೆದ.

"ಇದೇನು ಹೇಳು," ಎಂದು ಕಾಲಿನ ನಡುವಿನ ಗಂಟನ್ನು ತೋರಿಸಿದ.

"ಮೊಣಕಾಲು, ಊಮ್."

"ಎಲ್ಲರೂ ಹಾಗೇ ಅನ್ನೋದು. ಹಿಂದಕ್ಕೆ ಚಾಚ್ಕೊಳ್ಳೋ ಮೊಣಕಾಲು ದೇವರು ಯಾರಿಗೂ ಕೊಟ್ಟಿಲ್ಲ ಮಗಾ. ಇದು ಹರಡು, ಪಾದದ ಮೇಲಿನ ಕೀಲು. ಹಕ್ಕಿ ತುದಿಗಾಲಲ್ಲೇ ನಿಂತು ತುದಿಗಾಲಲ್ಲೇ ಸಾಯುತ್ತೆ. ಮೊಣಕಾಲು ಮೇಲಿದೆ, ಗರಿ ಮರೇಲಿ. ಕೈ ಹಾಕು. ಹೆದರ್ಬೇಡ, ಸತ್ತಿದೆ."

ಮೈ ಇನ್ನೂ ಬಿಸಿಯಾಗಿತ್ತು. ಕಾರೂಲ್ಸನ ಬೆರಳಿಗೆ ಮಂಡಿಯ ಚಿಪ್ಪು ಸಿಕ್ಕಿತು. ಅದರ ಕೆಳಗೆ ಇನ್ನೊಂದು.

"ಎರಡಿದೆ!"

"ನಮಗೆ ಒಂದು, ಅದಕ್ಕೆ ಎರಡು. ಯಾಕೆ ಅಂತ ಗೊತ್ತಿಲ್ಲ. ಯೂನಿವರ್ಸಿಟಿಯಿಂದ ಒಬ್ಬರು ಬಂದಿದ್ರು, ಅವರನ್ನ ಕೇಳಿದೆ. ಅವರು ನನ್ನನ್ನೇ ಕೇಳಿದ್ರು." ಆಬ್ರಾಮ್ ಚಾಕುವಿನ ಬೆನ್ನಿನಿಂದ ತೊಡೆಯ ಕಡುಗೆಂಪು ಮಾಂಸಖಂಡಗಳನ್ನು ಒಂದೊಂದಾಗಿ ಬಿಡಿಸಿದ. "ನೋಡು, ಮಾಂಸ ಎಲ್ಲ ಸೊಂಟ, ತೊಡೆ ಸುತ್ತ. ಹರಡಿನ ಕೆಳಗೆ ಒಂದು ಹಿಡಿ ಇಲ್ಲ. ಬರೀ ಹಗ್ಗ."

ಅವನು ಕಾಲಿನ ಹಿಂದಿನ ಬಿಳಿಯ ನಾರನ್ನು ಹಿಡಿದೆಳೆದ. ಸತ್ತ ಹಕ್ಕಿಯ ಎರಡೂ ಬೆರಳು ಗಕ್ಕನೆ ಮಡಚಿಕೊಂಡವು. ಕಾರೂಲ್ಸ್ ಹಿಂದಕ್ಕೆ ಹಾರಿ ನೀರಿನ ತೊಟ್ಟಿಯ ಮೇಲೆ ಬಿದ್ದ. ಆಬ್ರಾಮ್ ಕೆಮ್ಮು ಬರುವವರೆಗೆ ನಕ್ಕ.

"ತುದಿಗೆ ಕಲ್ಲು ಕಟ್ಟಿದ ಹಗ್ಗ ಬೀಸಿದ್ರೆ ಕೈ ಸೋಲುತ್ತೆ. ಬರೀ ಹಗ್ಗ ಬೀಸು, ಗಾಳಿ ಸೀಳುತ್ತೆ. ಭಾರ ಮೇಲಿಟ್ಟು ತುದಿ ಹಗುರ ಮಾಡಿರೋದಕ್ಕೇ ಇದು ಹಾಗೆ ಓಡೋದು. ಕಾಲು ನೆಲಕ್ಕೆ ಬಿದ್ದಾಗ ಈ ನಾರು ಹಿಗ್ಗುತ್ತೆ, ಎತ್ತಿದಾಗ ತಾನೇ ಎಳ್ಕೊಳುತ್ತೆ. ಅರ್ಧ ಓಟ ಅದಕ್ಕೆ ಬಿಟ್ಟಿ." ನಗು ನಿಂತಿತು. "ಒದೆಯೂ ಇಲ್ಲಿಂದಲೇ. ತೊಡೆ ಮುಂದಿನ ಈ ಪಟ್ಟಿ ಕಾಲನ್ನ ನಿನ್ನ ಎದೆ ಮಟ್ಟಕ್ಕೆ ಎತ್ತುತ್ತೆ. ಎತ್ತೋಕೆ ಮುಂಚೆ ಮೇಲಿನ ಬರಿ ಚರ್ಮ ಒಂದು ಸಲ ನಡುಗುತ್ತೆ. ಕಣ್ಣು ನೋಡ್ಬೇಡ, ಕೊಕ್ಕು ನೋಡ್ಬೇಡ, ತೊಡೆ ನೋಡು. ನಡುಗಿದ ಮೇಲೆ ನಿಂಗೆ ಒಂದೇ ಉಸಿರು."

"ಒಂದುಸಿರಲ್ಲಿ ಏನು ಮಾಡೋದು?"

"ಕವೆ ಇದ್ರೆ ಕಣ್ಣಿಗೆ ಹಿಡಿ. ಇಲ್ದಿದ್ರೆ..." ಎನ್ನುತ್ತಲೇ ಐವತ್ತರ ಮನುಷ್ಯ ಮೂಟೆ ಉರುಳಿದಂತೆ ನೆಲಕ್ಕೆ ಬಿದ್ದು, ಕತ್ತಿನ ಹಿಂದೆ ಕೈ ಹೆಣೆದು ಬೋರಲಾಗಿ ಮಲಗಿಬಿಟ್ಟ.

*

ಸ್ಮಶಾನದಿಂದ ಬಂದವರು ಮನೆಯ ಮುಂದಿನ ಬೋಗುಣಿಯಲ್ಲಿ ಕೈ ತೊಳೆದು ಊಟಕ್ಕೆ ಕುಳಿತರು. ಒಣದ್ರಾಕ್ಷಿ ಹಾಕಿದ ಹಳದಿ ಅನ್ನ, ಕುರಿಮಾಂಸ, ಆಲೂಗಡ್ಡೆ. ಕಾರೂಲ್ಸ್ ಬೋಗುಣಿ ಬಿಟ್ಟು ಕದಲಲಿಲ್ಲ.

"ಸಾಕು ಬಿಡೋ," ಎಂದ ಸ್ಕಾಲ್ಕ್. "ಕೊಳೆ ಹೋಯ್ತು, ಈಗ ಚರ್ಮ ಬರ್ತಿದೆ."

"ಕಾರೂಲ್ಸ್," ಬಾಗಿಲಿನಿಂದ ಮಗ್ರೀತಾ ಕರೆದಳು. "ಅಡುಗೆಮನೆಗೆ ಬಾ."

ಅವನು ಒಳಗೆ ಹೋದ. ಆಕೆ ಬಾಗಿಲು ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತಳು. ಈಗ ಕವೆಯ ಬಗ್ಗೆ ಕೇಳುತ್ತಾಳೆ ಎಂದುಕೊಂಡ.

"ನೀನು ಅವರ ಜೊತೆ ಹನ್ನೊಂದು ವರ್ಷ ಇದ್ದೆ. ಅವರ ಮಂಡಿ ನೋಡಿದ್ಯಾ?"

"ಮಂಡಿಯಾ, ಆಂಟಿ?"

"ಎರಡೂ ಹೋಗಿತ್ತು. ವರ್ಷವಾಯ್ತು. ಬೂಟಿನ ದಾರ ನಾನೇ ಕಟ್ತಿದ್ದೆ. ಪ್ರಾರ್ಥನೆಗೂ ಮಂಡಿಯೂರೋಕೆ ಆಗ್ತಿರ್ಲಿಲ್ಲ. ಯಾರಿಗೂ ಹೇಳ್ಬೇಡ ಅಂತ ಬೈಬಲ್ ಮುಟ್ಟಿಸಿದ್ರು. ಗೊತ್ತಾದ್ರೆ ದೊಡ್ಡಿ ಕೈತಪ್ಪುತ್ತೆ, ಅಂಗಡಿ ಮುಂದೆ ಕೂತು ಪ್ರವಾಸಿಗಳಿಗೆ ಮೊಟ್ಟೆಚಿಪ್ಪು ಮಾರ್ಬೇಕಾಗುತ್ತೆ ಅಂತ."

ಕಾರೂಲ್ಸ್ ಮೇಜನ್ನು ಹಿಡಿದುಕೊಂಡ. ಆಬ್ರಾಮ್ ಮಲಗಲಿಲ್ಲ ಎಂದು ನಾಲ್ಕು ದಿನದಿಂದ ಎಲ್ಲರ ಜೊತೆ ತಾನೂ ಅಂದುಕೊಂಡು, ಅದರಲ್ಲಿ ಒಂದಿಷ್ಟು ಸಮಾಧಾನವನ್ನೂ ಪಟ್ಟಿದ್ದ. ಮಲಗಲು ಆಗದವನಿಗೆ ಇದ್ದದ್ದು ಕವೆಯೊಂದೇ.

"ಸೋಮವಾರ ಸಾಯಂಕಾಲ ಜಗಳ ಆಯ್ತು," ಆಕೆ ಹೇಳುತ್ತಿದ್ದಳು. "ನೀವು ಹೇಳ್ದಿದ್ರೆ ನಾಳೆ ನಾನೇ ಯಜಮಾನರಿಗೆ ಹೇಳ್ತೀನಿ ಅಂದೆ. ಮಾತಾಡ್ಲಿಲ್ಲ. ಬೆಳಿಗ್ಗೆ ಕಾಫಿ ಮುಟ್ಲಿಲ್ಲ. ಆ ಕವೇನ ಎಲ್ಲೋ ಎಸೆದು ಬರಿಗೈಲಿ ಒಳಗೆ ಹೋಗಿದ್ದಾರೆ. ಬೇಕು ಅಂತಲೇ ಹೋಗಿದ್ದಾರೆ, ಕಾರೂಲ್ಸ್. ಪಾದ್ರಿಗಳಿಗೆ ನಾನು ಹೇಳಿಲ್ಲ. ಹೇಳಿದ್ರೆ ಇವತ್ತು ಆ ಪ್ರಾರ್ಥನೆ ಓದ್ತಿದ್ರಾ? ತಾವಾಗೇ ಪ್ರಾಣ ಕಳ್ಕೊಂಡೋರಿಗೆ ಸ್ವರ್ಗ ಇಲ್ಲವಂತೆ, ಅವರೀಗ ಎಲ್ಲಿದ್ದಾರೆ? ನನ್ನ ಮಾತೇ ಅವರನ್ನ ಅಲ್ಲಿಗೆ ಕಳಿಸ್ತಾ?"

ಗುಂಡಿಯ ಆಚೆಯಿಂದ ಆಕೆ ತನ್ನನ್ನು ನೋಡುತ್ತಿದ್ದುದು ಇದಕ್ಕೆ. ಆಕೆಗೆ ಏನೂ ಗೊತ್ತಿಲ್ಲ. ಸುಮ್ಮನಿದ್ದರೆ ಯಾವತ್ತೂ ಗೊತ್ತಾಗುವುದಿಲ್ಲ.

"ಹಾಗೇನಿಲ್ಲ ಆಂಟಿ. ಕವೆ ತಗೊಳ್ಳೋದು ಮರೆತಿರ್ತಾರೆ."

"ನಲವತ್ನಾಲ್ಕು ವರ್ಷ ಮರೀದಿದ್ದೋರು?"

ಆಕೆ ಅವನ ಮುಖವನ್ನೇ ನೋಡಿದಳು. ಅವನು ಹಿತ್ತಲ ಬಾಗಿಲಿನಿಂದ ಹೊರಬಿದ್ದ.

ಅಂಗಳ, ಓಣಿ, ತನ್ನ ಮನೆಯ ಹಿತ್ತಲು. ಸೌದೆ ಸರಿಸುವಾಗ ದೀನಾ ಓಡಿಬಂದು ತೋಳು ಹಿಡಿದುಕೊಂಡಳು. "ಬೇಡ. ಮಣ್ಣಾದ ಮೇಲೆ ಯಾರಿಗೆ ಏನು ಲಾಭ? ಕೆಲಸ ಹೋಗುತ್ತೆ. ಜೈಲಿಗೆ ಹಾಕ್ತಾರೆ. ಯಾರೂ ನಮ್ಮನೆ ಹೊಸ್ತಿಲು ತುಳಿಯಲ್ಲ." ಅವಳು ಹೇಳಿದ್ದರಲ್ಲಿ ಅವನು ನಾಲ್ಕು ದಿನದಿಂದ ಲೆಕ್ಕ ಹಾಕದೆ ಬಿಟ್ಟದ್ದು ಒಂದೂ ಇರಲಿಲ್ಲ. ಕವೆಯನ್ನು ಎತ್ತಿಕೊಂಡು, ಅವಳ ಬೆರಳುಗಳನ್ನು ಬಿಡಿಸಿ, ಬೇಲಿಯ ಹಿಂದಿನ ದಾರಿಯಲ್ಲಿ ವಾಪಸು ನಡೆದ.

ಅನ್ನದ ಪಾತ್ರೆಗಳ ನಡುವೆ ಅದನ್ನು ಮೇಜಿನ ಮೇಲೆ ಇಟ್ಟ. ಅದರ ತುದಿ ಮೇಜಿನಾಚೆ ಒಲೆಯವರೆಗೂ ಚಾಚಿತ್ತು.

ಮಗ್ರೀತಾ ಹಿಡಿಗೆ ಸುತ್ತಿದ ನಾರನ್ನು ಬೆರಳಿನಿಂದ ಮುಟ್ಟಿದಳು. ಹೊರಗೆ ಸ್ಕಾಲ್ಕ್ ಏನೋ ಹೇಳಿ ಜನ ನಗುತ್ತಿದ್ದರು.

"ಯಾವಾಗ ತಗೊಂಡೆ?"

"ಆರೂಕಾಲಕ್ಕೆ. ನನ್ನದು ಮುರಿದಿತ್ತು. ಏಳರೊಳಗೆ ತಂದಿಡೋಣ ಅಂತ..."

"ಕೇಳಿ ತಗೊಂಡ್ಯಾ?"

"ಇಲ್ಲ."

"ಹಾಗಾದ್ರೆ ಅವರು ಎಸೀಲಿಲ್ಲ."

"ಇಲ್ಲ ಆಂಟಿ. ನಾನು. ನಾನೇ."

ಆಕೆಯ ಮುಖ ಒಂದು ಕ್ಷಣ ಸಡಿಲವಾಯಿತು. ಆಮೇಲೆ ಇನ್ನೇನೋ ಹೊಳೆದಂತೆ ಮತ್ತೆ ಬಿಗಿಯಿತು. "ಅವರು ಬಂದಾಗ ಕೊಕ್ಕೆ ಖಾಲಿ ಇತ್ತು. ಅದು ಅವರಿಗೆ ಕಂಡಿತ್ತು."

"ಕಂಡೇ ಇರುತ್ತೆ."

"ಕಂಡೂ ಒಳಗೆ ಹೋದ್ರು."

ಕಾರೂಲ್ಸ್ ಬೈಗುಳಕ್ಕೆ, ಏಟಿಗೆ, ಕಿರುಚಾಟಕ್ಕೆ ಕಾದ. ಆಕೆ ಗೋಡೆಯ ಗಡಿಯಾರ ನೋಡಿದಳು.

"ನಾಲ್ಕಾಯ್ತು. ಐದನೇ ದೊಡ್ಡಿಗೆ ಮೇವು ಯಾರು ಹಾಕ್ತಾರೆ?"

"ಇವತ್ತಿನಿಂದ ನಾನು. ಯಜಮಾನರು ಹೇಳಿದ್ದಾರೆ."

"ಬಕೆಟ್ ಎತ್ಕೊ," ಎಂದಳು ಮಗ್ರೀತಾ. ಕವೆಯನ್ನು ತಾನೇ ಎತ್ತಿಕೊಂಡಳು.

*

ದೊಡ್ಡಿಯ ಬಾಗಿಲನ್ನು ಆಕೆಯೇ ತೆಗೆದಳು. ಕೊಕ್ಕೆಯ ಎದುರು ಒಂದು ಗಳಿಗೆ ನಿಂತು, ಅದನ್ನೂ ಒಳಗಿನ ಬಯಲನ್ನೂ ನೋಡಿ, ಒಳಗೆ ಹೆಜ್ಜೆ ಇಟ್ಟಳು. ಎರಡೂ ಕೈಯಲ್ಲಿ ಜೋಳದ ಬಕೆಟ್ ಹಿಡಿದು ಕಾರೂಲ್ಸ್ ಹಿಂದೆ ನಡೆದ. "ಆಂಟಿ, ಹೊರಗಿರಿ, ನಿಮ್ಮ ಕಾಲು ಹಿಡೀತೀನಿ," ಎಂದ. ಆಕೆ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಆಕೆಯ ಕರಿಯ ಉಡುಪಿನ ಅಂಚಿಗೆ ಗುಡ್ಡದ ಕೆಂಪು ಮಣ್ಣು ಇನ್ನೂ ಅಂಟಿತ್ತು.

ಆಬ್ರಾಮ್ ಬಿದ್ದ ಜಾಗ ದೊಡ್ಡಿಯ ನಡುವೆ, ಮೇವಿನ ತೊಟ್ಟಿಯ ಬಳಿ. ಅಲ್ಲಿ ಆಕೆ ನಿಂತಳು.

ದೂರದ ಮೂಲೆಯಲ್ಲಿ ಹಕ್ಕಿ ತಲೆ ಎತ್ತಿತು. ಆಮೇಲೆ ಬಂತು. ಮೇಲೆ ಕರಿಯ ಮೈ ನೀರಿನ ಮೇಲೆ ತೇಲಿ ಬರುವ ಹಾಗೆ ಅಲುಗದೆ ಬರುತ್ತಿತ್ತು; ಕೆಳಗೆ ಕಾಲುಗಳು ಕಣ್ಣಿಗೆ ಸಿಗುತ್ತಿರಲಿಲ್ಲ. ಆಳುದ್ದ ಎರಡು ಸಲ ಸೇರಿಸಿದರೂ ಸಾಲದಷ್ಟು ಉದ್ದದ ಹೆಜ್ಜೆ. ನೆಲದ ಸದ್ದು ಕಾರೂಲ್ಸನ ಅಂಗಾಲಿಗೆ ತಾಗಿತು. ಮಗ್ರೀತಾ ಕವೆಯನ್ನು ಎತ್ತಿ ಅದರ ಕಣ್ಣಿನ ನೇರಕ್ಕೆ ಹಿಡಿದಳು. ಮುಳ್ಳಿನಿಂದ ಮೊಳ ದೂರದಲ್ಲಿ ಹಕ್ಕಿ ನಿಂತಿತು. ರೆಕ್ಕೆ ಅಗಲಿಸಿ ಬುಸುಗುಟ್ಟಿತು. ಹೋಗಲಿಲ್ಲ.

ಕಾರೂಲ್ಸ್ ಅದರ ತೊಡೆಯನ್ನೇ ನೋಡುತ್ತಿದ್ದ. ಗರಿಯಿಲ್ಲದ, ಸೀಸದ ಬಣ್ಣದ ಚರ್ಮ. ಅದರಡಿಯಲ್ಲಿ ಮಾಂಸಖಂಡ ಗಂಟುಗಟ್ಟಿ ನಿಂತಿತ್ತು.

ಆಕೆಯ ತೋಳು ಸೋಲತೊಡಗಿತು. ಎರಡಾಳುದ್ದದ ಕೋಲು, ಅರವತ್ತರ ಕೈ. ಕವೆಯ ತುದಿ ಹಕ್ಕಿಯ ಕಣ್ಣಿನಿಂದ ಕತ್ತಿಗೆ ಇಳಿಯಿತು. ಕತ್ತಿನಿಂದ ಇನ್ನೂ ಕೆಳಗೆ. ದಣಿದು ಇಳಿಯುತ್ತಿತ್ತೋ, ಆಕೆಯೇ ಇಳಿಸುತ್ತಿದ್ದಳೋ, ಹಿಂದೆ ನಿಂತವನಿಗೆ ಆಕೆಯ ಮುಖ ಕಾಣುತ್ತಿರಲಿಲ್ಲ. ಅವನು ಮಲಗಬಹುದಿತ್ತು. ಅವನ ಮಂಡಿ ಗಟ್ಟಿಯಾಗಿತ್ತು. ಮಲಗಿದರೆ ನಿಂತಿರುವುದು ಆಕೆಯೊಬ್ಬಳೇ. ಅವನು ಬಕೆಟ್ಟನ್ನು ಸದ್ದಾಗದಂತೆ ನೆಲಕ್ಕಿಟ್ಟು ಆಕೆಯ ಪಕ್ಕಕ್ಕೆ ಬಂದ. ಕೈ ಚಾಚಿದ. ಈ ಸಲ ಕೇಳದೆ ಮುಟ್ಟಲಿಲ್ಲ.

"ಆಂಟಿ," ಎಂದ. "ಆಂಟಿ, ಕವೆ ಕೊಡ್ತೀರಾ?"

ಹಕ್ಕಿಯ ತೊಡೆಯ ಚರ್ಮ ಒಂದು ಸಲ ನಡುಗಿತು.

ಇಷ್ಟನ್ನೆಲ್ಲ ನನಗೆ ಹೇಳಿದ ಕಾರೂಲ್ಸ್, ಆಕೆ ಏನು ಉತ್ತರ ಕೊಟ್ಟಳೆಂದು ಮಾತ್ರ ಈವರೆಗೆ ಯಾರಿಗೂ ಹೇಳಿಲ್ಲ. ಖಾಲಿ ಕೊಕ್ಕೆಯನ್ನು ಕಂಡೂ ಆಬ್ರಾಮ್ ಯಾಕೆ ಒಳಗೆ ಹೋದನೆಂಬುದು ನನಗೂ ಗೊತ್ತಿಲ್ಲ.